ಉಪ್ಪಿನಗದ್ದೆಯ ಹದಿನೆಂಟನೇ ಗುಳಿ

ನಮ್ಮ ಊರಿನಲ್ಲಿ ಗಾಲ್ಫ್ ಮೈದಾನಗಳು ಆರು. ಒಂದೊಂದರಲ್ಲೂ ಒಬ್ಬರು ಆಡುವುದು ಒಂದೇ ಸಲ. ಆಟ ಮುಗಿಸಿ, ಚೆಂಡನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದು ತಿರುಗಿ ನೋಡಿದರೆ ಗೇಟು ಇರುವುದಿಲ್ಲ. ಅಂದರೆ ಆಡಿದವರಿಗೆ ಇರುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಇರುತ್ತದೆ. ಆಡಿದವರ ಕಣ್ಣಿಗೆ ಅಲ್ಲಿ ಬರೀ ಕೇದಗೆ ಪೊದೆ. ಕೈ ಹಾಕಿದರೆ ಮುಳ್ಳೂ ಚುಚ್ಚುತ್ತದೆ. ಸುಸ್ತಾಯಿತು, ಸೆಕೆಯಾಯಿತು ಎಂದು ಅರ್ಧಕ್ಕೇ ಚೆಂಡು ಎತ್ತಿಕೊಂಡು ಬಂದವರಿಗೂ ಇದೇ ಗತಿ. ಬ್ಯಾಗ್ ಹೊರುವವರಿಗೆ, ಹುಲ್ಲು ಕತ್ತರಿಸುವವರಿಗೆ, ಗೇಟು ಕಾಯುವವರಿಗೆ ಮಾತ್ರ ತೊಂದರೆಯಿಲ್ಲ. ಅವರು ಚೆಂಡಿಗೆ ಕೋಲು ತಾಗಿಸುವುದಿಲ್ಲ, ಹಾಗಾಗಿ ದಿನಾ ಹೋಗುತ್ತಾರೆ, ದಿನಾ ಬರುತ್ತಾರೆ.

ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೇವೆ. ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಟ್ಟ ಮೇಲೆ ಹೆಣ್ಣಿನ ಕಡೆಯವರು ಮೆಲ್ಲಗೆ ಕೇಳುವುದು, "ಹುಡುಗನಿಗೆ ಮೈದಾನ ಎಷ್ಟು ಉಳಿದುಂಟು?" ಎಂದು. ನಾಲ್ಕಾದರೂ ಉಳಿದಿದ್ದರೆ ಹುಡುಗ ತಾಳ್ಮೆಯವನು ಎಂದು ಲೆಕ್ಕ. ನಮ್ಮ ಪೋಸ್ಟ್‌ಮ್ಯಾನ್ ವಿಠೋಬ ಕಾಮತರು ಒಮ್ಮೆ ಹೆಂಡತಿಯ ಮೇಲೆ ಮುನಿಸಿಕೊಂಡು ಒಂದೇ ವಾರದಲ್ಲಿ ಆರನ್ನೂ ಆಡಿ ಕೈತೊಳೆದುಕೊಂಡರು. ಈಗ ಮೈದಾನಕ್ಕೆ ಕಾಗದ ಬಂದರೆ ಪೊದೆಯ ಮುಂದೆ ನಿಂತು "ಯಾರಾದರೂ ಇದ್ದೀರಾ?" ಎಂದು ಕೂಗಬೇಕು. ಮುಳ್ಳಿನ ಒಳಗಿಂದ ಒಂದು ಕೈ ಬಂದು ಕಾಗದ ತೆಗೆದುಕೊಂಡು ಹೋಗುತ್ತದಂತೆ. ಮೊದಮೊದಲು ಹೆದರುತ್ತಿದ್ದರು, ಈಗ ಆ ಕೈಗೆ ನಮಸ್ಕಾರ ಹೇಳಿ ಬರುತ್ತಾರೆ.

ನನ್ನ ಕೆಲಸ ಆರಿಸಿಕೊಡುವುದು. ವರ್ಷದಲ್ಲಿ ಎಂಟು ತಿಂಗಳು ನಮ್ಮಲ್ಲಿ ಬಿಸಿಲೋ ಬಿಸಿಲು. ಆ ಬಿಸಿಲಿಗೆಂದೇ ಮೂರು ದಿನ, ನಾಲ್ಕು ದಿನ ರಜೆ ಹಾಕಿ ಬರುವ ಜನ ಬಸ್ಸಿನಿಂದ ಇಳಿದು ಸೀದಾ ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ಯಾವುದನ್ನು ಆಡಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಇಡಬೇಕು ಎಂದು ನಾನು ಹೇಳುತ್ತೇನೆ. ಹೊಸ ಮದುವೆಯವರಿಗೆ ದೀಪಸ್ತಂಭದ ಮೈದಾನ. ಹೆಸರು ಮಾಡಲು ಬಂದವರಿಗೆ ಕೋಟೆಬೈಲು. ಸೋಲುವ ಅಭ್ಯಾಸ ಇಲ್ಲದವರಿಗೆ ಅಳಿವೆಬಾಗಿಲು, ಅಲ್ಲಿ ಗಾಳಿಯೇ ಬುದ್ಧಿ ಕಲಿಸುತ್ತದೆ. ಗೇರುಗುಡ್ಡೆ ಮತ್ತು ಹಂಚಿನ ಕಾರ್ಖಾನೆಯ ಹಿಂದಿನ ಮೈದಾನ ನೆರಳು ಬೇಕೆನ್ನುವವರಿಗೆ. ಉಪ್ಪಿನಗದ್ದೆಯನ್ನು ಮಾತ್ರ ನಾನು ಯಾರಿಗೂ ಹೇಳುತ್ತಿರಲಿಲ್ಲ. ಚಪ್ಪಟೆ ನೆಲ, ಒಂದು ಮರವಿಲ್ಲ, ಸಮುದ್ರವೂ ಕಾಣುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನ್ನನ್ನು ಊರೆಲ್ಲ ಆರಿಸುವ ಸುಗುಣಕ್ಕ ಎಂದು ಕರೆಯುವುದು ಸುಮ್ಮನೆ ಅಲ್ಲ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಆ ಭಾನುವಾರ ಮೂರೂವರೆ ಬಸ್ಸಿನಿಂದ ಸಂಪಂಗಪ್ಪ ಮತ್ತು ಅವರ ಹೆಂಡತಿ ಮುನಿರತ್ನಮ್ಮ ಇಳಿದರು. ಸಂಪಂಗಪ್ಪನವರದು ಅರವತ್ತು ದಾಟಿದ ವಯಸ್ಸು, ಒಣಗಿದ ಮೈ, ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ. ಆ ಭುಜ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇವರು ಆಡುವವರಲ್ಲ, ಹೊರುವವರು ಎಂದು. ದೊಡ್ಡ ಊರಿನ ದೊಡ್ಡ ಕ್ಲಬ್ಬಿನಲ್ಲಿ ಮೂವತ್ತೆಂಟು ವರ್ಷ ಕ್ಯಾಡಿಯಾಗಿದ್ದು ಬಿಟ್ಟವರಂತೆ. ಮೆಂಬರುಗಳೆಲ್ಲ ಸೇರಿ ಬೀಳ್ಕೊಡುಗೆಗೆ ನಮ್ಮ ಊರಿನಲ್ಲಿ ನಾಲ್ಕು ದಿನದ ರಜೆ ಕೊಡಿಸಿದ್ದರು. ಜೊತೆಗೆ ಯಾರೋ ಹಳೆಯ ಕೋಲುಗಳ ಒಂದು ಬ್ಯಾಗನ್ನೂ ಕೊಟ್ಟಿದ್ದರು.

"ನಮಸ್ಕಾರ ಮೇಡಮ್. ಒಂದ್ ಮೈದಾನ ಬೇಕಾಗಿತ್ತು. ಒಂದೇ ಸಾಕು" ಎಂದರು.

"ನಾಲ್ಕು ದಿನ ಉಂಟಲ್ಲ ಮಾರಾಯ್ರೆ, ಮೂರಾದರೂ ಆಡಬಹುದು."

"ಈ ಮಂಡೀಲಿ ಇರಾದು ಒಂದೇ ಆಟ" ಎಂದು ಬಲಗಾಲಿನ ಮಂಡಿಯನ್ನು ತಟ್ಟಿಕೊಂಡರು.

ಮುನಿರತ್ನಮ್ಮ ಚೀಲವನ್ನು ನನ್ನ ಮೇಜಿನ ಮೇಲೇ ಧೊಪ್ಪನೆ ಇಟ್ಟರು. "ನೀವಾರ ಹೇಳಮ್ಮಣ್ಣಿ. ಆಪರೇಸನ್ ಮಾಡುಸ್ಕಳಿ, ಸರಿಹೋಯ್ತದೆ ಅಂತ ಡಾಕ್ಟ್ರು ಬಡ್ಕಂತಾವ್ರೆ. ಈವಯ್ಯ ಒಂದ್ ವರ್ಸದಿಂದ ಇವತ್ತು ನಾಳೆ ಅಂತ ತಳ್ತಾವ್ರೆ."

"ಕುಯ್ದ್ ಮೇಲೆ ಆ ಕಾಲು ನಂದಾಗಿರಾಕಿಲ್ಲ ಮೇಡಮ್" ಎಂದರು ಸಂಪಂಗಪ್ಪ. ಹೆದರಿದ್ದನ್ನು ಮುಚ್ಚಿಡಲು ಅವರಿಗೆ ಬರುತ್ತಿರಲಿಲ್ಲ. "ಸೋಮವಾರ ಕ್ಲಬ್ ರಜ. ಆವತ್ತು ನಾವು ಕ್ಯಾಡಿಗಳು ಮೂರ್ ಗುಳಿ, ನಾಕ್ ಗುಳಿ ಆಡ್ತಿದ್ವಿ, ಮಾಲಿ ಬಂದು ಓಡ್ಸೋಗಂಟ. ಪೂರ್ತಿ ಹದಿನೆಂಟು ಒಂದ್ ದಿನಾನೂ ಆಡಿಲ್ಲ. ಅದೊಂದ್ ಆಡ್ಬುಡ್ಬೇಕು. ಆಮೇಲೆ ಈ ಕಾಲ್ನ ಏನಾರ ಮಾಡ್ಕಳ್ಲಿ."

ನಾನು ತಡಮಾಡಲಿಲ್ಲ. ದೀಪಸ್ತಂಭದ ಮೈದಾನದ ಫೋಟೋ ಮುಂದಿಟ್ಟೆ. ಜೀವನದಲ್ಲಿ ಒಂದೇ ಆಟವೆಂದರೆ ಅದಕ್ಕಿಂತ ಚೆಂದದ್ದು ಯಾವುದಿದೆ? ಕೆಳಗೆ ನೀಲಿ ಕಡಲು, ಮೇಲೆ ಬಿಳಿ ದೀಪಸ್ತಂಭ. ಅವರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಮರ್ಯಾದೆಯಿಂದ ಹಿಂದಿರುಗಿಸಿದರು.

"ನೀವ್ ಇದ್ರಲ್ಲಿ ಆಡಿದ್ದೀರಾ ಮೇಡಮ್?"

"ನಾನು ಒಂದನ್ನೂ ಆಡಲಿಲ್ಲ. ನನಗೆ ಆರೂ ಉಳಿದುಂಟು" ಎಂದೆ. ನಮ್ಮ ಊರಿನಲ್ಲಿ ಈ ಮಾತು ಹೇಳಿದರೆ ಜನ ಕೈಮುಗಿಯುತ್ತಾರೆ. ಸಂಪಂಗಪ್ಪ ಕೈಮುಗಿಯಲಿಲ್ಲ. "ಹಂಗಾದ್ರೆ ನಾನೊಂದ್ಸಲ ನಡ್ದು ನೋಡ್ತೀನಿ" ಎಂದರು.

ನಡೆದು ನೋಡುವುದೆಂದರೆ ಕೈಬೀಸಿಕೊಂಡು ತಿರುಗುವುದು ಎಂದು ನಾನು ತಿಳಿದೆ. ಸೋಮವಾರ ಬೆಳಗ್ಗೆ ನೋಡುತ್ತೇನೆ, ಆ ಮನುಷ್ಯ ಕೋಟೆಬೈಲಿನ ಗೇಟಿನ ಮುಂದೆ ಯಾರೋ ವಕೀಲರ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ! ಭಾರ ಇಲ್ಲದೆ ನಡೆದರೆ ನೆಲ ತಿಳಿಯುವುದಿಲ್ಲವಂತೆ. ಎಲ್ಲಿ ಏರು, ಎಲ್ಲಿ ಮರಳು ಕಾಲು ಹಿಡಿಯುತ್ತದೆ, ಎಲ್ಲಿ ಗಾಳಿ ತಿರುಗುತ್ತದೆ, ಇವೆಲ್ಲ ಹೆಗಲಿಗೆ ಗೊತ್ತಾಗುತ್ತದೆಯೇ ಹೊರತು ಕಣ್ಣಿಗಲ್ಲವಂತೆ. ಹಾಗೆ ದಿನಕ್ಕೆ ಎರಡು ಮೈದಾನ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಆರನ್ನೂ ನೋಡಲು ಮೂರು ದಿನ. ನಾಲ್ಕನೇ ದಿನ ಆಟ. ಇದು ಅವರ ಯೋಜನೆ.

ಮುನಿರತ್ನಮ್ಮ ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂತು ಗಂಡನಿಗೆ ಸಹಸ್ರನಾಮ ಮಾಡಿದರು. "ಊರ್ನೋರ ಮೂಟೆ ಹೊತ್ತು ಹೊತ್ತು ಮಂಡಿ ತೇಯ್ದೋಯ್ತು. ರಜಾ ಅಂತ ಬಂದ್ರೆ ಇಲ್ಲೂ ಅದೇಯ. ಇರೋ ಒಂದ್ ಆಟದ್ ಸಕ್ತೀನ ಇನ್ನೊಬ್ರ್ ಬ್ಯಾಗಿಗೆ ಹಾಕ್ತಾವ್ರಲ್ಲಮ್ಮಣ್ಣಿ, ಇವ್ರ್ಗೇನ್ ಹೇಳ್ಲಿ!" ಸೊಪ್ಪು ಬೆಳೆದು ಸೊಪ್ಪು ಮಾರಿ ಮನೆ ನಡೆಸಿದ ಹೆಂಗಸು. ಬೈಯುತ್ತಲೇ ಚೀಲದಿಂದ ಬೇವಿನೆಣ್ಣೆ ಬಾಟಲಿ ತೆಗೆದು ಬಿಸಿಲಿಗಿಟ್ಟು ಕಾಯಿಸುತ್ತಿದ್ದರು, ಸಂಜೆ ಅದೇ ಮಂಡಿಗೆ ಹಚ್ಚಲು.

ಅವರ ಮಾತು ಸರಿ ಎಂದು ನನಗೂ ಅನಿಸಿತ್ತು. ಆದರೂ ಮಂಗಳವಾರ ಮೇಜು ಮುಚ್ಚಿ ಸಂಪಂಗಪ್ಪನವರ ಹಿಂದೆ ಹೋದೆ, ಕುತೂಹಲಕ್ಕೆ. ದೀಪಸ್ತಂಭದ ಮೈದಾನದಲ್ಲಿ ಒಬ್ಬ ದಂತವೈದ್ಯರ ಬ್ಯಾಗ್ ಹೊತ್ತಿದ್ದರು. ವೈದ್ಯರು ಹೊಡೆದ ಚೆಂಡೆಲ್ಲ ಸಮುದ್ರದ ಪಾಲಾಗುತ್ತಿತ್ತು. ಸಂಪಂಗಪ್ಪ ಹತ್ತಿರ ಹೋಗಿ, "ಸಾರ್, ಒಂದ್ನಿಮಿಷ ಸುಮ್ಕೆ ನಿಂತ್ಕಳಿ. ಗಾಳಿ ಎಡಗಿವಿ ಬುಟ್ಟು ಬಲಗಿವಿಗ್ ಬಂದಾಗ ಹೊಡೀರಿ" ಎಂದರು. ವೈದ್ಯರು ನಿಂತರು, ಕಿವಿ ತಿರುಗಿಸಿದರು, ಹೊಡೆದರು. ಚೆಂಡು ಹೋಗಿ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ನಡುವೆ ಕೂತಿತು. ಆ ಮನುಷ್ಯ ಖುಷಿಯಿಂದ ಕೂಗಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಸಂಪಂಗಪ್ಪ ಮಾತ್ರ ಏನೂ ಆಗದವರಂತೆ ಕಿತ್ತುಹೋದ ಹುಲ್ಲಿನ ತುಂಡನ್ನು ಹುಡುಕಿ ತಂದು, ಇದ್ದ ಜಾಗದಲ್ಲೇ ಕೂರಿಸಿ, ಪಾದದಿಂದ ಒತ್ತುತ್ತಿದ್ದರು. ಮತ್ತೆಂದೂ ಕಾಲಿಡಲಾಗದ ಮೈದಾನವೆಂದು ನಮ್ಮ ಪ್ರವಾಸಿಗಳು ಕಿತ್ತ ಹುಲ್ಲನ್ನು ಹಾಗೇ ಬಿಟ್ಟು ಹೋಗುತ್ತಾರೆ. ಸಂಪಂಗಪ್ಪ ಆ ದಿನ ಬೇರೆಯವರು ಕಿತ್ತದ್ದನ್ನೂ ಸೇರಿಸಿ ಇಪ್ಪತ್ತು ಮೂವತ್ತು ಕಡೆ ನೆಲ ಸರಿಮಾಡಿದರು. ಇಪ್ಪತ್ತೆರಡು ವರ್ಷ ನಾನು ಫೋಟೋ ತೋರಿಸಿ ಹೊಗಳಿದ ಮೈದಾನವನ್ನು ಆ ದಿನ ಮೊದಲ ಸಲ ನೋಡಿದ ಹಾಗಾಯಿತು. ನಾಚಿಕೆಯೂ ಆಯಿತು.

ಬುಧವಾರ ಸಂಜೆ ಕುಂಟುತ್ತಾ ಬಂದರು. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. "ಆಯ್ತು ಮೇಡಮ್. ಉಪ್ಪಿನಗದ್ದೆ" ಎಂದರು.

ನನಗೆ ನಗು ಬಂತು. "ಎಂತದು ಮಾರಾಯ್ರೆ! ಆರರಲ್ಲಿ ಆರನೆಯದನ್ನು ಆರಿಸಿದ್ದಾ?"

"ಮಿಕ್ಕಿದ್ದೆಲ್ಲಾ ಚೆಂದ್ವೇಯ. ಇಲ್ಲಾಂತ ಅನ್ನಲ್ಲ. ಆದ್ರೆ ಎಲ್ಲಾ ಕಡೇನೂ ಚೆಂಡು ಒಂದ್ ಕಿತ ಮರೆಯಾಯ್ತದೆ, ಮರದಿಂದೆ, ಗುಡ್ಡದಿಂದೆ. ಇನ್ನೊಬ್ರ್ ಚೆಂಡು ಎಲ್ಲೋಯ್ತು ಅಂತ ಹುಡ್ಕಾದೇ ನನ್ ಜೀವ್ಮಾನ ಆಯ್ತಲ್ಲ ಮೇಡಮ್. ನಂದೊಂದು ಹೊಡ್ದ್ರೆ ಬೀಳೋಗಂಟ ಕಾಣ್ಬೇಕು." ಆಮೇಲೆ ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ಅಲ್ಲಿ ನಡುವೆ ಉಪ್ಪು ತುಂಬೋ ಸೆಡ್ ಐತೆ. ಅದ್ರ ನೆಳ್ಳಾಗ್ ಕುಂತ್ರೆ ಹದಿನೆಂಟೂ ಕಾಣ್ತದೆ. ನಾನ್ ಆಡಾದ ಅವ್ಳು ಒಂದ್ ದಿನಾನೂ ನೋಡಿಲ್ಲ."

ನಾನು ಮತ್ತೆ ನಗಲಿಲ್ಲ.

ಗುರುವಾರ ಸುದ್ದಿ ಊರೆಲ್ಲ ಹರಡಿತ್ತು. ದಂತವೈದ್ಯರು, ವಕೀಲರು, ಹುಲ್ಲು ಕತ್ತರಿಸುವವರು, ಎಲ್ಲರೂ ಉಪ್ಪಿನಗದ್ದೆಯ ಶೆಡ್ಡಿನ ನೆರಳಿಗೆ ಬಂದು ಕೂತರು. ವಿಠೋಬ ಕಾಮತರು ಪೊದೆಯ ಹೊರಗೆ ನಿಂತು ಏನಾಯಿತು ಎಂದು ಕೂಗಿ ಕೇಳುತ್ತಿದ್ದರು. ನಾನು ಬ್ಯಾಗ್ ಹೊರುತ್ತೇನೆ ಎಂದೆ. ಸಂಪಂಗಪ್ಪನವರಿಗೆ ಅದು ಸಂಕೋಚ, ಬ್ಯಾಗಿನ ಪಟ್ಟಿಯನ್ನು ಮೂರು ಸಲ ಸರಿಮಾಡಿ ಕೊಟ್ಟರು. ಮೊದಲ ಹೊಡೆತಕ್ಕೆ ನಿಂತಾಗ ಅಂಗೈಯನ್ನು ಎರಡು ಸಲ ಅಂಗಿಗೆ ಒರೆಸಿಕೊಂಡರು. ಆಮೇಲೆ ಹೊಡೆದರು ನೋಡಿ! ಚೆಂಡು ಮೇಲೆದ್ದು, ಆ ಬಿಳಿ ಬಿಸಿಲಿನಲ್ಲಿ ನೆಟ್ಟಗೆ ಹೋಗಿ, ಬಿದ್ದು, ಎರಡು ಸಲ ನೆಗೆದು ನಿಂತಿತು. ಅಷ್ಟನ್ನೂ ಅವರು ಕಣ್ಣು ಮಿಟುಕಿಸದೆ ನೋಡಿದರು. ಶೆಡ್ಡಿನಲ್ಲಿ ಮುನಿರತ್ನಮ್ಮ ಎದ್ದು ನಿಂತಿದ್ದರು. ಬೈಗುಳ ಒಂದೂ ಕೇಳಲಿಲ್ಲ.

ಎಂಥ ಆಟ ಅದು! ಅವಸರವಿಲ್ಲ, ಶಕ್ತಿಯ ಪ್ರದರ್ಶನವಿಲ್ಲ. ಕೋಲು ತೆಗೆದುಕೊಳ್ಳುವ ಮೊದಲು ನೆಲವನ್ನು ಒಮ್ಮೆ ಅಂಗೈಯಿಂದ ಸವರುತ್ತಿದ್ದರು. ಹತ್ತನೇ ಗುಳಿಯವರೆಗೆ ಮಂಡಿ ಹೇಳಿದ ಮಾತು ಕೇಳಿತು. ಹನ್ನೊಂದರಲ್ಲಿ ತುಟಿ ಕಚ್ಚಿದರು. ಹದಿಮೂರರಲ್ಲಿ ಕೋಲನ್ನೇ ಊರುಗೋಲು ಮಾಡಿಕೊಂಡರು. ಹದಿನಾಲ್ಕನೇ ಗುಳಿಯಿಂದ ಚೆಂಡು ತೆಗೆದು ಹದಿನೈದರ ಕಡೆಗೆ ಹೊಡೆದದ್ದೇ, ಕಾಲು ಮಡಚಿಕೊಂಡು ಕೆಳಗೆ ಕೂತವರು ಏಳಲಿಲ್ಲ. ಚೆಂಡು ದೂರದಲ್ಲಿ ಬೆಳ್ಳಗೆ ಬಿದ್ದಿತ್ತು, ಎಲ್ಲರಿಗೂ ಕಾಣುವಂತೆ.

ನಾವು ಓಡಿದೆವು. ಅವರ ಕಣ್ಣಲ್ಲಿ ನೀರು. "ನೋವಿಗಲ್ಲ ಮೇಡಮ್. ಇನ್ ನಾಕ್ ಗುಳಿ ಅಷ್ಟೇಯ. ನಾಕು ಉಳ್ಕಂಡ್ಬುಡ್ತಲ್ಲ" ಎಂದರು. ಚೆಂಡು ಎತ್ತಿದರೆ ಆಟ ಮುಗಿದ ಹಾಗೆ, ಗೇಟು ಹೋದ ಹಾಗೆ. ಎತ್ತದಿದ್ದರೆ ಹೊಡೆಯುವವರು ಯಾರು?

ಮುನಿರತ್ನಮ್ಮ ಬಂದು ನನ್ನ ಹೆಗಲಿನ ಬ್ಯಾಗಿನಿಂದ ಒಂದು ಕೋಲನ್ನು ಎಳೆದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇದಾ? ಇನ್ನೊಂದಾ? ಹೇಳ್ರಿ ಬೇಗ."

"ನೀನ್ ಹೊಡುದ್ರೆ ನಿನ್ ಪಾಲಿನ್ ಮೈದಾನಾನೂ ಹೋಯ್ತದೆ ಕಣೇ."

"ನಂಗ್ಯಾವ್ ಮೈದಾನ? ಈ ಕೋಲ್ ಹಿಡೀಬೇಕು ಅಂತ ನಾನೇನ್ ಅರಕೆ ಹೊತ್ತಿದ್ನಾ? ಯಾವ್ದು ಅಂತ ಹೇಳ್ರಿ ಅಂದ್ರೆ."

ಶೆಡ್ಡಿನಿಂದ ಪ್ಲಾಸ್ಟಿಕ್ ಕುರ್ಚಿ ತಂದರು. ಹುಲ್ಲು ಕತ್ತರಿಸುವವರು ನಾಲ್ಕು ಜನ ಸಂಪಂಗಪ್ಪನವರನ್ನು ಕೂರಿಸಿ ಹೊತ್ತರು. ಮೂವತ್ತೆಂಟು ವರ್ಷ ಹೊತ್ತವರನ್ನು ಈಗ ಹೊರುವುದು ನೋಡಿ ವಕೀಲರು ತಾವೂ ಕುರ್ಚಿಯ ಒಂದು ಕಾಲು ಹಿಡಿಯಲು ಹೋಗಿ, ಬೈಸಿಕೊಂಡು ಹಿಂದೆ ಬಂದರು. ಕುರ್ಚಿಯ ಮೇಲಿಂದ ಸಂಪಂಗಪ್ಪ ಹೇಳಿಕೊಡತೊಡಗಿದರು. "ಏಳ್ನೇ ನಂಬ್ರು ಕೋಲ್ ತಕ. ಕಾಲ್ ಅಗ್ಲ ಮಾಡು. ಚೆಂಡ್ನೇ ನೋಡು, ನನ್ನಲ್ಲ." ಮುನಿರತ್ನಮ್ಮನ ಮೊದಲ ಹೊಡೆತಕ್ಕೆ ಮಣ್ಣು ಹಾರಿತು, ಚೆಂಡು ಅಲ್ಲೇ ಇತ್ತು. ಎರಡನೆಯದಕ್ಕೆ ಗಾಳಿ ಮಾತ್ರ ಸಿಕ್ಕಿತು. ಮೂರನೆಯದು ಟಪ್ ಎಂದು ತಾಗಿ ಚೆಂಡು ಹತ್ತು ಮಾರು ಉರುಳಿತು. ಆ ಹತ್ತು ಮಾರಿಗೆ ನಾವೆಲ್ಲ ಚಪ್ಪಾಳೆ ಹೊಡೆದದ್ದು ಕೇಳಿ ಹೊರಗೆ ಕಾಮತರೂ ಹೊಡೆದರು.

ನಾಲ್ಕು ಗುಳಿಗೆ ಅವರಿಗೆ ಎರಡೂವರೆ ಗಂಟೆ ಹಿಡಿಯಿತು. ಎಷ್ಟು ಹೊಡೆತ ಎಂದು ಯಾರೂ ಎಣಿಸಲಿಲ್ಲ. ಸೊಪ್ಪಿನ ಮಡಿಯಲ್ಲಿ ಜೀವಮಾನ ಬಗ್ಗಿದ ಸೊಂಟ ಅವರದು, ದಣಿಯಲಿಲ್ಲ. ಹದಿನಾರನೆಯದರಲ್ಲಿ ಗಂಡ ಹೇಳುವ ಮೊದಲೇ ನಿಂತು ಗಾಳಿಗೆ ಕಿವಿ ಕೊಟ್ಟರು. ಸಂಪಂಗಪ್ಪ ಮಾತು ನಿಲ್ಲಿಸಿ ಹೆಂಡತಿಯನ್ನೇ ನೋಡುತ್ತಿದ್ದರು. ಅಷ್ಟು ಮೆಚ್ಚುಗೆಯಿಂದ ಒಬ್ಬ ಗಂಡ ಹೆಂಡತಿಯನ್ನು ನೋಡಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಹಾಗೆ ಹೇಳಲು ನನಗೇನೂ ಸಂಕೋಚವಿಲ್ಲ.

ಹದಿನೆಂಟನೇ ಗುಳಿ. ಚೆಂಡು ಉರುಳುತ್ತಾ ಬಂದು ಗುಳಿಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಉಸಿರು ಊದಿದರೂ ಒಳಗೆ ಬೀಳುವಷ್ಟು ಹತ್ತಿರ. ಮುನಿರತ್ನಮ್ಮ ಚೆಂಡು ಉರುಳಿಸುವ ಚಪ್ಪಟೆ ಕೋಲನ್ನು ಕೈಯಲ್ಲಿ ಹಿಡಿದು ಹತ್ತಿರ ಹೋದರು. ನಿಂತರು. ಹಿಂದೆ ಬಂದರು.

"ಯಾಕೇ?" ಎಂದರು ಸಂಪಂಗಪ್ಪ. ಆಮೇಲೆ ತಾವೇ ಅರ್ಥಮಾಡಿಕೊಂಡು, "ನಾನ್ ಹೊಡೀಲಿ ಅಂತಾನಾ? ಸರಿ. ಎಳ್ಡೂ ಕಡೆ ಹಿಡ್ಕಳ್ರಪ್ಪ, ಎತ್ತಿ ನಿಲ್ಸಿ" ಎಂದು ಹುಲ್ಲು ಕತ್ತರಿಸುವವರ ಹೆಗಲಿಗೆ ಕೈ ಚಾಚಿದರು.

"ಯಾರೂ ಎತ್ತಬ್ಯಾಡಿ" ಎಂದರು ಮುನಿರತ್ನಮ್ಮ. ಅವರ ದನಿ ಅಷ್ಟು ಮೆತ್ತಗಾದದ್ದು ಅದೇ ಮೊದಲು. "ಊರ್ನೋರ್ ಹೆಗಲ್ ಮ್ಯಾಲ್ ಜೋತ್ಕಂಡು ಹೊಡ್ಯಾದಾ? ಬ್ಯಾಡ. ಕಾಲು ಆಪರೇಸನ್ ಮಾಡುಸ್ಕಂಡು, ನಿಮ್ಮೆಳ್ಡು ಕಾಲ್ ಮ್ಯಾಲೆ ನಿಂತ್ಕಂಡು, ಬಂದು ಹೊಡೀರಂತೆ. ಅಲ್ಲಿಗಂಟ ಇದು ಇಲ್ಲೇ ಬಿದ್ದಿರ್ಲಿ."

ಆಟದ ಚೆಂಡನ್ನು ಹೀಗೆ ಬಿಟ್ಟು ಹೋದವರು ನಮ್ಮ ಊರಿನಲ್ಲಿ ಒಬ್ಬರೂ ಇಲ್ಲ. ನಾವು ಎಲ್ಲವನ್ನೂ ಮುಗಿಸಿಯೇ ಹೊರಡುವ ಜನ, ಇಲ್ಲವೇ ನನ್ನ ಹಾಗೆ ಶುರುವನ್ನೇ ಮಾಡದ ಜನ. ಸಂಪಂಗಪ್ಪ ಚೆಂಡನ್ನು ನೋಡಿದರು, ಮಂಡಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಆಟದಲ್ಲಿರೋ ಚೆಂಡ್ನ ಯಾರೂ ಮುಟ್ಟಂಗಿಲ್ಲ. ಅದು ರೂಲು" ಎಂದು ಹುಲ್ಲು ಕತ್ತರಿಸುವವರಿಗೆ ಮೆಲ್ಲಗೆ ಹೇಳಿದರು. ಅವರು ತಲೆಯಾಡಿಸಿದರು. ಅದರ ಸುತ್ತ ಕೈಗತ್ತಿಯಲ್ಲಿ ಹುಲ್ಲು ಕೊಯ್ಯುತ್ತೇವೆ ಎಂದು ಹಿರಿಯನೊಬ್ಬ ಮಾತು ಕೊಟ್ಟ.

ಗೇಟಿನಲ್ಲಿ ದೂಮಣ್ಣ ಕುಳಿತಿರುತ್ತಾರೆ, ನಲವತ್ತು ವರ್ಷಗಳಿಂದ. ಹೊರಗೆ ಬರುವವರನ್ನು "ಮುಗೀತಾ?" ಎಂದು ಕೇಳುವುದು ಅವರ ಕೆಲಸ. ಆಡಿದವರು "ಮುಗೀತು" ಎನ್ನಬೇಕು, ಆಮೇಲೆ ಗೇಟು ದಾಟಬೇಕು. ಕುರ್ಚಿಯ ಮೆರವಣಿಗೆ ಬಂದಾಗಲೂ ಅವರು ಪದ್ಧತಿ ಬಿಡಲಿಲ್ಲ. "ಮುಗೀತಾ?"

"ಬುಡ್ತು ಅನ್ನಣ್ಣೋ!" ಮುನಿರತ್ನಮ್ಮ ಗದರಿದರು. "ದೀಪ ಹಚ್ಚೋ ಹೊತ್ನಲ್ಲಿ ಮುಗೀತು ಗಿಗೀತು ಅಂತ ಯಾರಾರ ಆಡ್ತಾರಾ? ಬರ್ತೀವಿ ಅನ್ಬೇಕು. ಬರ್ತೀವಣ್ಣ."

ಯಾರ ಮನೆಯಿಂದ ಹೊರಟರೂ ನಾವೆಲ್ಲ ಹೇಳುವ ಮಾತು. ಹೋಗ್ತೀವಿ ಎಂದು ಯಾರೂ ಹೇಳುವುದಿಲ್ಲ. ಆದರೂ ಆ ಗೇಟಿನಲ್ಲಿ ನಲವತ್ತು ವರ್ಷದಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ. ದೂಮಣ್ಣ ಪಂಚೆ ಸರಿಮಾಡಿಕೊಂಡು ಎದ್ದು ನಿಂತರು. "ಬನ್ನಿ" ಎಂದರು.

ಕುರ್ಚಿ ಗೇಟು ದಾಟಿತು. ನಾನು ತಿರುಗಿ ನೋಡಿದೆ. ನನಗೆ ಗೇಟು ಇತ್ತು. ನನಗೆ ಇದ್ದೇ ಇರುತ್ತದೆ, ಆಡದವಳ ಕಣ್ಣಿನಿಂದ ಏನು ಪ್ರಯೋಜನ? ಅವರಿಬ್ಬರ ಮುಖ ನೋಡಿದೆ. ಸಂಪಂಗಪ್ಪ ಹೆದರಿಕೊಂಡು ಮುಂದಕ್ಕೇ ನೋಡುತ್ತಿದ್ದರು. ಮುನಿರತ್ನಮ್ಮನೇ ಕುರ್ಚಿ ಹೊತ್ತವರಿಗೆ, "ಒಂದ್ ಕಿತ ಹಿಂದುಕ್ ತಿರುಗ್ಸ್ರಪ್ಪ" ಎಂದರು.

ಕುರ್ಚಿ ತಿರುಗಿತು. ಸಂಪಂಗಪ್ಪ ಬಹಳ ಹೊತ್ತು ನೋಡಿದರು. ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

"ದೂಮಣ್ಣಾರೆ, ಗೇಟಿನ್ ಕೆಳಗಿನ್ ಕೀಲು ತುಕ್ಕು ಹಿಡ್ದದೆ" ಎಂದರು. "ನಾವ್ ಬರೋ ಹೊತ್ಗೆ ಒಂದ್ ತೊಟ್ಟು ಎಣ್ಣೆ ಬುಟ್ಟಿರಿ."

ದೂಮಣ್ಣ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಪಂಚೆಯ ತುದಿಯಿಂದ ಆ ಕೀಲನ್ನು ಒರೆಸತೊಡಗಿದರು.